ಎಡಕ್ಕೆ ಬಾಗಿದ ಮರ

ಮಾರ್ಚ್ 4, ಸೋಮವಾರ

ಮದುವೆಯ ರಜೆ ಮುಗಿಯಿತು! ಇಂದಿನಿಂದ ಮತ್ತೆ ಹಲ್ಲಿನ ಆಸ್ಪತ್ರೆ. ಬಾಗಿಲ ಪಕ್ಕದ ಅದೇ ಮೇಜು, ಅದೇ ಫೋನು, ಲವಂಗದೆಣ್ಣೆಯ ಅದೇ ವಾಸನೆ. ಆದರೆ ನನ್ನ ಕಾಲು ಮಾತ್ರ ನೆಲದ ಮೇಲೆ ಇಲ್ಲ. ಬಂದವರೆಲ್ಲ ದವಡೆ ಹಿಡಿದುಕೊಂಡು ನರಳುತ್ತಿದ್ದರೆ ನಾನು ಸುಮ್ಮಸುಮ್ಮನೆ ನಗುತ್ತಾ ಕೂತಿದ್ದೆ. ಒಬ್ಬ ಅಜ್ಜ, "ನನ್ನ ನೋವು ನೋಡಿ ನಿಂಗೆ ನಗು ಬರುತ್ತೇನಮ್ಮಾ?" ಎಂದು ಬೈದೇಬಿಟ್ಟರು. ಕ್ಷಮಿಸಿ ಅಜ್ಜ, ನನಗೆ ಮದುವೆಯಾಗಿದೆ!

ಡಾಕ್ಟರ ಸಹಾಯಕಿ ಮುತ್ತು "ಹನಿಮೂನ್ ಫೋಟೋ ತೋರ್ಸು, ತೋರ್ಸು" ಎಂದು ಪ್ರಾಣ ತಿಂದಳು. (ಅವಳ ಹಲ್ಲು ನೋಡಿ ರೋಗಿಗಳೇ ಇಟ್ಟ ಹೆಸರು ಅದು. ಈ ಹೆಸರಿಗೆ ಇನ್ನೊಂದು ಅರ್ಥವೂ ಇದೆ ಎಂದು ನಾನು ಕಾಡಿಸುವುದುಂಟು.) ತೋರಿಸಿದೆ. ಒಂದೊಂದನ್ನೇ ನೋಡುತ್ತಾ ಹೋಗಿ, "ಬೆಟ್ಟಕ್ಕೆ ಹೋಗಿದ್ವಿ ಅಂದೆ. ಬೆಟ್ಟ ಎಲ್ಲಿ?" ಎಂದಳು.

ನಿಜ! ಅಷ್ಟೊಂದು ಫೋಟೋಗಳಲ್ಲಿ ಬೆಟ್ಟವಿಲ್ಲ, ನದಿಯಿಲ್ಲ, ಮಂಜಿಲ್ಲ. ಬರೀ ನಾನು. ನನ್ನ ಗಂಡ ಸ್ಟುಡಿಯೋ ಇಟ್ಟಿರುವವರು, ದಿನವಿಡೀ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನೇ ತೆಗೆಯುವವರು.

"ಅವರ ಕಣ್ಣಿಗೆ ನಾನೇ ಬೆಟ್ಟ" ಎಂದೆ.

"ಅಷ್ಟು ದಪ್ಪ ಆಗಿದೀಯ ಅಂತ ಅರ್ಥ" ಎಂದಳು. ಹೊಟ್ಟೆಕಿಚ್ಚು!

ಇನ್ನೊಂದು ತಮಾಷೆ. ಹೋಟೆಲ್ ಕೋಣೆಯಲ್ಲಿ ಮಂಚದ ಮೇಲೆ ಒಂದು ಕಪ್ಪು-ಬಿಳುಪು ಚಿತ್ರ ನೇತುಹಾಕಿದ್ದರು. ಕೆರೆ, ಏರಿ, ಎಲೆಯಿಲ್ಲದ ಒಂದು ಮರ. ಇವರು ಒಳಗೆ ಕಾಲಿಟ್ಟವರೇ ಅದನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟರು. "ಮೊಳೆ ಸಡಿಲ ಇದೆ ಕಣೇ, ನಿನ್ನ ತಲೆ ಮೇಲೆ ಬಿದ್ರೆ?" ಎಂಥ ಕಾಳಜಿ! ಇವತ್ತು ನೋಡುತ್ತೇನೆ, ಅದೇ ಚಿತ್ರ ನಮ್ಮ ಆಸ್ಪತ್ರೆಯಲ್ಲೂ ಇದೆ. ಇಷ್ಟು ದಿನ ಅದರ ಎದುರೇ ಕೂತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಬಣ್ಣವೇ ಇಲ್ಲದಿದ್ದರೆ ಹೇಗೆ ಬೀಳಬೇಕು?

ಮಾರ್ಚ್ 6, ಬುಧವಾರ

ಸಂಜೆ ಇವರು ನನ್ನನ್ನು ಕರೆದುಕೊಂಡು ಹೋಗಲು ಒಳಗೇ ಬಂದರು. ಡಾಕ್ಟರಿಗೂ ಮುತ್ತುವಿಗೂ ಪರಿಚಯ ಮಾಡಿಸಿದೆ. ಕೈಗೆ ಫೋಟೋ ತೊಳೆಯುವ ಔಷಧಿ ಅಂಟಿದೆ ಎಂದು ಬೇಸಿನ್ನಿನಲ್ಲಿ ಕೈ ತೊಳೆಯಲು ನಿಂತರು. ನಿಂತರು, ನಿಂತೇ ಇದ್ದರು. ನೀರು ಸುರಿಯುತ್ತಲೇ ಇದೆ. ಕಣ್ಣು ಕೈ ಮೇಲೆ ಇಲ್ಲ, ಎದುರಿನ ಕನ್ನಡಿಯ ಮೇಲೆ. ತಮ್ಮ ಮುಖ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆದರೆ ಮುಖ ನೋಡಿಕೊಳ್ಳುವವರು ಕೂದಲಾದರೂ ಸರಿಮಾಡಿಕೊಳ್ಳುತ್ತಾರೆ.

ಆ ಕನ್ನಡಿಗೆ ನೇರ ಎದುರು, ಆಚೆ ಗೋಡೆಯ ಬಳಿ, ಮುತ್ತುವಿನ ಸ್ಟೂಲು. ಎಕ್ಸ್-ರೇ ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸುತ್ತಾ ಅವಳು ಅಲ್ಲೇ ಕೂತಿದ್ದಳು.

ದಾರಿಯಲ್ಲಿ, "ಕನ್ನಡಿಯಲ್ಲಿ ಏನು ನೋಡ್ತಿದ್ರಿ?" ಎಂದೆ.

"ಎಲ್ಲಿ? ಏನಿಲ್ವಲ್ಲ."

ಏನೂ ಇಲ್ಲದ್ದನ್ನು ಅಷ್ಟು ಹೊತ್ತು ಯಾರೂ ನೋಡುವುದಿಲ್ಲ.

ಮಾರ್ಚ್ 7, ಗುರುವಾರ

ಅಕ್ಕನಿಗೆ ಫೋನ್ ಮಾಡಿದೆ. ತಮಾಷೆಗೆ ಹೇಳುತ್ತಿರುವ ಹಾಗೆ ಹೇಳಿದೆ.

"ಯಾರದು ಮುತ್ತು? ಮದುವೆ ಆಗಿದ್ಯಾ ಅವಳಿಗೆ?"

"ಇಲ್ಲ."

"ಹಲ್ಲು ಚೆನ್ನಾಗಿದ್ಯಾ?"

"ಅದಕ್ಕೇ ಕಣೇ ಆ ಹೆಸರು!"

ಅಕ್ಕ, "ನಿಮ್ಮ ಭಾವನೂ ಮೊದಲು ಹೀಗೇ ಕೈ ತೊಳೀತಿದ್ರು" ಎಂದು ಕಿಸಕ್ಕನೆ ನಕ್ಕಳು. ಇವಳಿಗೆ ಹೇಳಿದ್ದು ನನ್ನ ಬುದ್ಧಿಗೇಡಿತನ.

ಮಾರ್ಚ್ 12, ಮಂಗಳವಾರ

ಇವತ್ತಿನದು ಕೇಳಿದರೆ ಅಕ್ಕ ರೈಲು ಹತ್ತಿ ಬಂದುಬಿಡುತ್ತಾಳೆ.

ಮುತ್ತು ಒಂದು ಫಿಲ್ಮನ್ನು ತಿರುಗಿಸಿ ಸಿಕ್ಕಿಸಿದ್ದಳು. ಆ ಪುಟ್ಟ ಫಿಲ್ಮಿನ ಮೂಲೆಯಲ್ಲಿ ಉಬ್ಬಿದ ಒಂದು ಚುಕ್ಕೆ ಇರುತ್ತದೆ, ಬೆರಳಿಗೆ ತಾಗುತ್ತದೆ. ಉಬ್ಬು ನಮ್ಮ ಕಡೆ ಇದ್ದರೆ ಸರಿ. ಆಚೆ ಹೋದರೆ ಬಲ ದವಡೆ ಎಡಕ್ಕೆ ಬಂದಿದೆ ಎಂದರ್ಥ. ಡಾಕ್ಟರು ಕೂಗಾಡಿದರು: "ಚುಕ್ಕೆ ನೋಡಮ್ಮಾ ಚುಕ್ಕೆ! ನೆಟ್ಟಗಿರೋ ಹಲ್ಲನ್ನ ಕಿತ್ತು ಕೈಗೆ ಕೊಡ್ಲಾ ಅವ್ರಿಗೆ?" ಕುರ್ಚಿಯಲ್ಲಿದ್ದ ರೋಗಿ ಎದ್ದೇ ಬಿಟ್ಟರು. ಮುತ್ತು ಕಣ್ಣಲ್ಲಿ ನೀರು ತುಂಬಿಕೊಂಡೇ ಫಿಲ್ಮನ್ನು ತಿರುಗಿಸಿ ಸಿಕ್ಕಿಸಿದಳು.

ಅಷ್ಟು ಹೊತ್ತಿಗೆ ಇವರು ಒಳಗೆ ಬಂದಿದ್ದರು. ಯಾರೂ ಕೇಳದೆ ಮಧ್ಯೆ ಬಾಯಿ ಹಾಕಿದರು.

"ಗೊತ್ತಾದ ಕೂಡ್ಲೆ ತಿರುಗಿಸಿ ಸರಿ ಮಾಡಿದ್ರಲ್ಲ ಡಾಕ್ಟ್ರೇ, ಅದು ದೊಡ್ಡದು. ಎಷ್ಟೋ ಜನ ತಿರುಗಿಸೋದೇ ಇಲ್ಲ." ಧ್ವನಿ ನಡುಗುತ್ತಿತ್ತು! ನನ್ನ ಗಂಡನ ಧ್ವನಿ ತಾಳಿ ಕಟ್ಟುವಾಗಲೂ ನಡುಗಿರಲಿಲ್ಲ.

ಡಾಕ್ಟರು ಬೆಪ್ಪಾದರು. ಮುತ್ತು ಕಣ್ಣೊರೆಸಿಕೊಂಡು ಇವರತ್ತ ಕೃತಜ್ಞತೆಯಿಂದ ನೋಡಿದಳು. ನಾನು ಅಪಾಯಿಂಟ್‌ಮೆಂಟ್ ಕೇಳಿ ಫೋನ್ ಮಾಡಿದ ಯಾರಿಗೋ "ಇಲ್ಲಿ ಯಾರೂ ಇಲ್ಲ" ಎಂದು ಹೇಳಿ ಇಟ್ಟೆ.

ಮಾರ್ಚ್ 14, ಗುರುವಾರ

ಮುತ್ತು ರಜೆ. ಬೇಕೆಂದೇ ಇವರಿಗೆ ತಿಳಿಸಲಿಲ್ಲ. ಬಂದರು. ಮುಖದಲ್ಲಿ ನಿರಾಸೆ ಹುಡುಕಿದೆ, ಸಿಗಲಿಲ್ಲ. "ನಿಮ್ಮ ಮುತ್ತು ಬಂದಿಲ್ಲ ಇವತ್ತು" ಎಂದೆ. "ಯಾವ ಮುತ್ತು?" ಎಂದರು. ಸುಳ್ಳೋ ಮರೆವೋ, ದೇವರೇ ಬಲ್ಲ. ಆಮೇಲೆ ಬೇಸಿನ್ನಿಗೆ ಹೋದರು. ಮತ್ತೆ ಅದೇ. ನೀರು, ಕನ್ನಡಿ, ಕಲ್ಲಿನ ಹಾಗೆ ನಿಂತ ಗಂಡ.

ಸ್ಟೂಲು ಖಾಲಿ ಇತ್ತಲ್ಲ!

ಇವರು ಗಾಡಿ ತೆಗೆಯಲು ಹೊರಗೆ ಹೋದಾಗ ಓಡಿಹೋಗಿ ಅದೇ ಜಾಗದಲ್ಲಿ ನಿಂತು ಕನ್ನಡಿ ನೋಡಿದೆ. ಖಾಲಿ ಸ್ಟೂಲು. ಅದರ ಮೇಲೆ, ಗೋಡೆಯಲ್ಲಿ, ಆ ಕೆರೆಯ ಚಿತ್ರ. ಹೋಟೆಲಿನಲ್ಲಿ ಮುಖ ತಿರುಗಿಸಿ ಇಟ್ಟದ್ದೂ ಅದನ್ನೇ. ಮೊಳೆ ಸಡಿಲವಾಗಿತ್ತಂತೆ. ಮೊಳೆ ಗಟ್ಟಿಯಾಗೇ ಇತ್ತು. ನಾನು ಆಗಲೇ ನೋಡಿದ್ದೆ, ಪ್ರೀತಿಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ಕೆರೆಯ ದಂಡೆಯಲ್ಲಿ ಯಾರಿದ್ದಳು?

ಮಾರ್ಚ್ 19, ಮಂಗಳವಾರ

ಮೂರು ದಿನದಿಂದ ಪತ್ತೇದಾರಿ. ಆ ಚಿತ್ರ ಬ್ಯಾಂಕಿನ ಕೌಂಟರಿನ ಹಿಂದೆ ಇದೆ. ಚರ್ಮದ ಡಾಕ್ಟರ ಹತ್ತಿರವೂ ಇದೆಯಂತೆ. ಎರಡು ರಸ್ತೆ ಆಚೆ ಪರದೆ, ದಿಂಬು, ದೀಪ ಮಾರುವ ಅಂಗಡಿಯಲ್ಲಿ ಚಪಾತಿ ಪೇರಿಸಿದ ಹಾಗೆ ಪೇರಿಸಿಟ್ಟಿದ್ದಾರೆ.

ಅಂಗಡಿಯವರನ್ನು, "ಇದು ಯಾವ ಊರು?" ಎಂದು ಕೇಳಿದೆ.

"ಊರು ಕಟ್ಕೊಂಡು ಏನ್ ಮಾಡ್ತೀರಿ ಮೇಡಂ? ಸೋಫಾ ಯಾವ ಬಣ್ಣ ಇದ್ರೂ ಹೊಂದುತ್ತೆ. ಬಣ್ಣದ್ದು ತಗೊಂಡ್ರೆ ಆರು ತಿಂಗಳಿಗೆ ಬೇಜಾರು. ಇದು ಹೋಗ್ತಾನೇ ಇರುತ್ತೆ, ಬರ್ತಾನೇ ಇರುತ್ತೆ."

"ಯಾರು ತೆಗೆದದ್ದು?"

"ಕಂಪನಿಯೋರು."

ಹೆಸರು ಎಲ್ಲೂ ಇಲ್ಲ. ಹಿಂದೆ ತಿರುಗಿಸಿಯೂ ನೋಡಿದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವಳಂತೆ, "ಆ ಕೆರೆ ಚಿತ್ರ ಎಲ್ಲಾ ಕಡೆ ಕಾಣುತ್ತಲ್ಲ, ಹೇಗಿದೆ ಅನ್ಸುತ್ತೆ ನಿಮ್ಗೆ?" ಎಂದೆ. ಇವರ ಕೈ ಅರ್ಧಕ್ಕೇ ನಿಂತಿತು.

"ಸೋಫಾ ಮೇಲಿನ ಖಾಲಿ ಜಾಗ ಮುಚ್ಚೋ ಚಿತ್ರ ಅದು. ಅದರಲ್ಲೇನಿದೆ ನೋಡೋಕೆ?"

"ಉಪ್ಪು ಬೇಕೇನೋ?" ಎಂದರು ಅತ್ತೆ. ಅಷ್ಟಕ್ಕೇ ಮಾತು ಮುಗಿಯಿತು.

ಅದರಲ್ಲೇನಿದೆ ಎಂದು ನನಗೂ ಅನ್ನಿಸಿತ್ತು. ಆದರೆ ಇವತ್ತು ಬ್ಯಾಂಕಿನ ಸಾಲಿನಲ್ಲಿ ನಿಂತು ನೋಡಿದೆನಲ್ಲ, ಕಪ್ಪು-ಬಿಳುಪು ಎನ್ನುತ್ತಾರೆಯೇ ಹೊರತು ಅದರಲ್ಲಿ ಕಪ್ಪೂ ಕಡಿಮೆ, ಬಿಳುಪೂ ಕಡಿಮೆ. ಏರಿಯ ಮಣ್ಣು ಒದ್ದೆ ಸ್ಲೇಟಿನ ಬೂದು. ನೀರು ಹೊಗೆಯ ಬೂದು. ದೂರದ ದಡ ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತೋ ಬೆರಳಿಟ್ಟು ತೋರಿಸಲಾಗುವುದಿಲ್ಲ. ಏರಿ ಎಡಗಡೆಯ ಕೆಳಮೂಲೆಯಿಂದ ಒಳಗೆ ಬರುತ್ತದೆ. ಅದನ್ನೇ ಹಿಡಿದು ಹೋದರೆ ಬಲಗಡೆ ಆ ಮರ, ನೀರಿನ ಮೇಲೆ ಬಲಕ್ಕೆ ಬಾಗಿಕೊಂಡಿದೆ. ಅದರಾಚೆ ಬೆಳಕು. ಸುಳಿವು ಸಿಗಬಹುದು ಎಂದು ನೋಡುತ್ತಿದ್ದೆ, ಅಷ್ಟೇ. ಕೌಂಟರಿನ ಹುಡುಗಿ ನನ್ನನ್ನು ಎರಡು ಸಲ ಕರೆಯಬೇಕಾಯಿತು.

ಮಾರ್ಚ್ 23, ಶನಿವಾರ

ನಮ್ಮ ಮೊದಲ ಜಗಳ.

ಆಸ್ಪತ್ರೆಯ ಗೋಡೆಗೆ ಟಿವಿ ಬಂತು. ಹಲ್ಲುಜ್ಜುವುದು ಹೇಗೆ ಎಂದು ಇನ್ನು ದಿನವಿಡೀ ಅದೇ ಹೇಳುತ್ತದಂತೆ. ಡಾಕ್ಟರು ಚಿತ್ರವನ್ನು ತೆಗೆದು, "ಯಾರಿಗಾದ್ರೂ ಬೇಕಾ? ಎಲ್ಲಾ ಕಡೆ ಇರೋದೇ, ಕಸಕ್ಕೆ ಹಾಕಿದ್ರೂ ಆಯ್ತು" ಎಂದರು. ಕಸಕ್ಕೆ ಎಂದ ಕೂಡಲೇ ನನ್ನ ಕೈ ಮೇಲೆದ್ದಿತು. ಯಾಕೆ ಎಂದು ಗೊತ್ತಿಲ್ಲ. ಸಾಕ್ಷಿ ಕೈಯಲ್ಲಿರಲಿ ಎಂದು ಇರಬೇಕು.

ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇವರು ಬಾಗಿಲು ತೆಗೆದರು, ನೋಡಿದರು.

"ಇದು ಯಾಕೆ ಇಲ್ಲಿ?"

"ನಮ್ಮ ಹಾಲಿಗೆ."

"ಬೇಡ. ಈ ಮನೆಯಲ್ಲಿ ಅದು ಬೇಡ."

"ಯಾಕೆ ಬೇಡ? ಕಾರಣ ಹೇಳಿ."

"ಬೇಡ ಅಂದ್ರೆ ಬೇಡ. ಬೇರೆ ಯಾವ್ದಾದ್ರೂ ತಾ, ಹೂವು, ನವಿಲು, ಏನ್ ಬೇಕಾದ್ರೂ."

"ಯಾರು ರೀ ಅವಳು?" ಎಂದುಬಿಟ್ಟೆ. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಬಂತು. "ಆ ಕೆರೆ ಹತ್ರ ಯಾರಿದ್ಲು? ಅವಳ ನೆನಪಿಗೆ ಕನ್ನಡಿ ಮುಂದೆ ನಿಲ್ತೀರಾ?"

ಇವರು ನನ್ನನ್ನು ನೋಡಿದ ರೀತಿ! ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನು ಚಿತ್ರವನ್ನು ಮಲಗುವ ಕೋಣೆಯಲ್ಲಿ ಬೀರುವಿನ ಎದುರಿನ ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಮಾರ್ಚ್ 24, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಅತ್ತೆ ಒಗೆದ ಬಟ್ಟೆ ಇಡಲು ಕೋಣೆಗೆ ಬಂದರು. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ ಇದೆ. ಅದರತ್ತ ಕೈ ಚಾಚಿದವರು ಹಾಗೇ ನಿಂತರು. ತಾಯಿ ಮಗ ಇಬ್ಬರಿಗೂ ಒಂದೇ ಕಾಯಿಲೆ ಎಂದುಕೊಂಡೆ.

"ಅಯ್ಯೋ, ಇದು ನಮ್ಮ ಕೆರೆ ಕಣಮ್ಮಾ!"

"ಯಾವ ಕೆರೆ ಅತ್ತೆ?"

"ನಾವು ಮೊದ್ಲು ಇದ್ದ ಊರಿಂದು. ಅಲ್ಲಿ ನೋಡು ತೂಬಿನ ಕಲ್ಲು. ಈ ಮರದ ಕೆಳಗೇ ಬಟ್ಟೆ ಒಗೀತಿದ್ವಿ."

ತಿರುಗಿ ಗೋಡೆಗೆ ಒರಗಿದ್ದ ಚಿತ್ರ ನೋಡಿದರು. ಮುಖ ಗಂಟಾಯಿತು. "ಇದಲ್ವಲ್ಲ... ಇದು ಬ್ಯಾಂಕಲ್ಲಿ ಇರೋದಲ್ವಾ?" ಮತ್ತೆ ಕನ್ನಡಿ. "ಇದು ನಮ್ದು." ಮತ್ತೆ ಗೋಡೆ. "ಇದು ಯಾವ್ದೋ." ಎಷ್ಟೋ ಸಲ ಬ್ಯಾಂಕಿನಲ್ಲಿ ಅದರ ಎದುರೇ ಕೂತವರು, ಒಂದು ದಿನವೂ ಗುರುತು ಹತ್ತಿರಲಿಲ್ಲ.

ನನಗೆ ಮೊದಲು ನೆನಪಾದದ್ದು ಮುತ್ತುವಿನ ಫಿಲ್ಮು. ಆಚೆ ಮುಖವಾದ ಚುಕ್ಕೆ.

ಹಾಲಿನಲ್ಲಿ ಇವರು ಪೇಪರ್ ಹಿಡಿದು ಕೂತಿದ್ದರು, ಓದುತ್ತಿರಲಿಲ್ಲ. "ಅದನ್ನ ಉಲ್ಟಾ ಅಚ್ಚು ಹಾಕಿದ್ದಾರಾ?" ಎಂದು ಕೇಳಿದೆ. ಪೇಪರ್ ಕೆಳಗಿಳಿಯಿತು.

"ನಿಂಗೆ ಹೇಗೆ ಗೊತ್ತು?"

"ನಿಮ್ಗೆ ಹೇಗೆ ಗೊತ್ತು?"

"ತೆಗೆದದ್ದು ನಾನು."

ಆಗಿನ್ನೂ ಮೀಸೆ ಬಂದಿರಲಿಲ್ಲವಂತೆ. ಯಾರದೋ ಕ್ಯಾಮೆರಾ ಕೇಳಿ ತಂದು, ದಿನಾ ನಸುಕಿನಲ್ಲಿ ಹೋಗಿ ಮಂಜಿಗಾಗಿ ಕಾದು ತೆಗೆದದ್ದು. ಪೋಸ್ಟರ್ ಮಾಡುವವರಿಗೆ ಫಿಲ್ಮು ಕೊಟ್ಟರು. ಅಚ್ಚಿನವನು ಫಿಲ್ಮಿನ ಹಿಂದುಮುಂದು ನೋಡದೆ ಯಂತ್ರಕ್ಕೆ ಹಾಕಿದ. ಏರಿ ಬಲದಿಂದ ಬರುತ್ತಿದ್ದದ್ದು ಎಡದಿಂದ ಬಂತು. ಎಡಕ್ಕೆ ಬಾಗಿದ ಮರ ಬಲಕ್ಕೆ ಬಾಗಿತು.

"ಹೋಗಿ ಜಗಳ ಆಡಿದೆ. ‘ಕೆರೆಗೆ ಎಡ ಏನು, ಬಲ ಏನು? ನೀರು ಚೆಲ್ಲೋಯ್ತಾ?’ ಅಂತ ಎಲ್ಲಾರೂ ನಕ್ರು. ಅಷ್ಟರಲ್ಲಿ ಅದು ಎಲ್ಲಾ ಕಡೆ ಹೋಗಿಬಿಟ್ಟಿತ್ತು. ಆಮೇಲೆ ನಾನು ಮರ ಗಿಡದ ಕಡೆ ಕ್ಯಾಮೆರಾ ತಿರುಗಿಸಿಲ್ಲ."

"ಅಷ್ಟೇನಾ?" ಎಂದುಬಿಟ್ಟೆ. ಹೆಂಗಸು ಇಲ್ಲ ಎಂಬ ಖುಷಿಗೆ ಬಂದ ಮಾತು ಅದು. ಇವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ.

"ನೋಡು, ಇದಕ್ಕೇ ಹೇಳಿರ್ಲಿಲ್ಲ" ಎಂದರು. "ಯಾರಿಗೆ ಹೇಳಿದ್ರೂ ಎರಡೇ ಮಾತು. ಒಂದು ‘ಅಷ್ಟೇನಾ’. ಇನ್ನೊಂದು ‘ಹಾಗಿದ್ರೂ ಚೆನ್ನಾಗೇ ಇದೆಯಲ್ಲ’. ನೀನು ಆ ಎರಡನೇದು ಹೇಳ್ಬಾರ್ದು ಅಂತ ಇತ್ತು ನಂಗೆ."

ನಾನು ಹೇಳಲಿಲ್ಲ.

ಮಾರ್ಚ್ 30, ಶನಿವಾರ

ಆಗ ಜಗಳವಾಡಿ ವಾಪಸ್ ತಂದಿದ್ದ ಹಳೆಯ ಫಿಲ್ಮು ಇವರ ಹತ್ತಿರವೇ ಇತ್ತು. ವಾರವಿಡೀ ಸ್ಟುಡಿಯೋದ ಕತ್ತಲೆ ಕೋಣೆ ಸೇರಿಕೊಂಡಿದ್ದರು. ಇವತ್ತು ತಂದರು. ಸರಿಯಾದ ಕೆರೆ. ಚೌಕಟ್ಟು ಹಾಕಿಸಿ, ಬಟ್ಟೆ ಸುತ್ತಿ ತಂದಿದ್ದರು. ಅತ್ತೆ ಕೈ ಮುಗಿಯುವುದೊಂದು ಬಾಕಿ. "ಹಾಂ! ಹಿಂಗೇ ಇತ್ತು. ಈ ಕಲ್ಲಿನ ಮೇಲೆ ಜಾರಿ ಬಿದ್ದಿದ್ದೆ ನಾನು."

ಇವರು ಚಿತ್ರ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

"ಸೂಪರ್!" ಎಂದೆ.

ಮಾರ್ಚ್ 31, ಭಾನುವಾರ

ಇಷ್ಟವಾಗಲಿಲ್ಲ. ಬರೆದರೆ ಹಗುರವಾಗುತ್ತದೆಯೇ ಎಂದು ಬರೆದೆ. ಆಗಲಿಲ್ಲ.

ಏಪ್ರಿಲ್ 1, ಸೋಮವಾರ

ಬೂದು ಬಣ್ಣಗಳು ಇದರಲ್ಲಿ ಇನ್ನೂ ಚೆನ್ನಾಗಿವೆ, ಅದು ನಿಜ. ಪೋಸ್ಟರಿನಲ್ಲಿ ಮಸಿಯಾಗಿದ್ದ ಜಾಗದಲ್ಲಿ ಹುಲ್ಲು ಕಾಣುತ್ತದೆ. ಆದರೆ ಕಣ್ಣಿಟ್ಟ ಕೂಡಲೇ ಎಡಗಡೆ ಮರ ಎದುರಾಗುತ್ತದೆ, ಬಾಗಿಲಲ್ಲೇ ಯಾರೋ ಅಡ್ಡ ನಿಂತ ಹಾಗೆ. ಏರಿ ನನ್ನನ್ನು ಒಳಗೆ ಕರೆದುಕೊಂಡು ಹೋಗುವುದಿಲ್ಲ, ಬಲಗಡೆಯಿಂದ ಹೊರಗೆ ಕಳಿಸುತ್ತದೆ. ಪೋಸ್ಟರಿನಲ್ಲಿ ಏರಿ ಹಿಡಿದು ನಡೆದು ಬೆಳಕನ್ನು ಸೇರುತ್ತಿದ್ದೆ. ಇದರಲ್ಲಿ ಬೆಳಕಿನ ಕಡೆಯಿಂದ ವಾಪಸ್ ಬರುತ್ತೇನೆ.

ಬರೀ ರೂಢಿ ಇರಬಹುದು. ನನಗೇ ನನ್ನ ಮೇಲೆ ಅನುಮಾನ. ಆ ಪರದೆ ಅಂಗಡಿಯವರು ಹೇಳಿದಂತೆ ಎಲ್ಲರಿಗೂ ಹೊಂದುವುದು ನನಗೂ ಹೊಂದಿತೋ ಏನೋ. ಇವರ ಕಣ್ಣು ತಪ್ಪಿಸಿ ಅದೇ ಅಂಗಡಿಗೆ ಹೋಗಿ ಪೋಸ್ಟರನ್ನು ಮತ್ತೆ ನೋಡಿದೆ, ಕೊಳ್ಳುವುದೇನೂ ಇರಲಿಲ್ಲ. ಚೆನ್ನಾಗಿದೆ. ಸಾವಿರ ಕಡೆ ನೇತುಬಿದ್ದರೂ, ಸೋಫಾಕ್ಕೆ ಹೊಂದಿದರೂ, ಚೆನ್ನಾಗಿದೆ.

ಮನೆಯಲ್ಲಿ ಇವರು ಹಾಡು ಗುನುಗುತ್ತಾ ಹಾಲಿನ ಗೋಡೆಗೆ ಅಳತೆ ಹಿಡಿಯುತ್ತಿದ್ದಾರೆ. ಇನ್ನೇನು ಮೊಳೆ ಹೊಡೆಯುತ್ತಾರೆ. ಬಚ್ಚಿಟ್ಟಿರಿ ಎಂದು ಇವರ ಮೇಲೆ ಹಾರಾಡಿದವಳು ನಾನು, ಈಗ ಬಚ್ಚಿಡುತ್ತಿರುವವಳೂ ನಾನೇ.

ಏಪ್ರಿಲ್ 2, ಮಂಗಳವಾರ

ಹೇಳಿದೆ. ಇವರು ಸ್ಟುಡಿಯೋ ಮುಚ್ಚಿ ಬಂದು ಶೂ ಬಿಚ್ಚುತ್ತಿದ್ದರು. ಪೀಠಿಕೆ ಹಾಕಲು ಧೈರ್ಯ ಇರಲಿಲ್ಲ.

"ರೀ, ನಂಗೆ ಆ ತಪ್ಪಾಗಿರೋದೇ ಇಷ್ಟ."

ಲೇಸು ಹಿಡಿದ ಕೈ ನಿಂತಿತು. ತಲೆ ಎತ್ತಲಿಲ್ಲ.

"ಸೂಪರ್ ಅಂದೆ ಮೊನ್ನೆ."

"ಸುಳ್ಳು ಹೇಳ್ದೆ."

"ಗೊತ್ತು" ಎಂದರು. "ನಿಜವಾಗ್ಲೂ ಇಷ್ಟ ಆದ್ರೆ ನೀನು ಒಂದೇ ಮಾತಲ್ಲಿ ನಿಲ್ಲಿಸೋಳಲ್ಲ."

ಅತ್ತೆ ಅಡುಗೆಮನೆಯಿಂದ ಬಂದವರು ಬಂದಷ್ಟೇ ಸದ್ದಿಲ್ಲದೆ ಹಿಂದೆ ಹೋದರು. ನನಗೆ ಅಳು ಬರುತ್ತಿತ್ತು. ಇವರು ಒಂದು ಶೂ ಕಾಲಲ್ಲೇ ಇಟ್ಟುಕೊಂಡು ಕೂತರು.

"ನಂಗೂ ಅದೇ ಇಷ್ಟ ಕಣೇ."

ನನಗೆ ಕೇಳಿದ್ದು ಸರಿಯೋ ಎಂದು ಅನುಮಾನವಾಯಿತು.

"ಅಚ್ಚಾಗಿ ಬಂದ ದಿನವೇ ಗೊತ್ತಾಯ್ತು. ಅಚ್ಚಿನವನು ಬೇಕಂತ ಮಾಡಿದ್ದಲ್ಲ, ತೂಕಡಿಸ್ತಾ ಮಾಡಿದ್ದು. ಆದ್ರೂ ನನ್ನದಕ್ಕಿಂತ ಚೆನ್ನಾಗಿತ್ತು. ಜಗಳ ಆಡಿದ್ದೇ ಅದಕ್ಕೆ. ಬರೀ ಕೆಟ್ಟದಾಗಿದ್ದಿದ್ರೆ ಬೈದು ಮರೆತುಬಿಡ್ತಿದ್ದೆ. ಅದರ ಎದುರು ಕನ್ನಡಿ ಕಂಡ ಕಡೆಯೆಲ್ಲ ನಿಂತು ನೋಡೋದು, ಇವತ್ತಾದ್ರೂ ನಂದು ಗೆಲ್ಲುತ್ತಾ ಅಂತ. ಒಂದು ದಿನವೂ ಗೆದ್ದಿಲ್ಲ."

"ಅವನು ತಿರುಗಿಸಿದ್ದು ಫಿಲ್ಮನ್ನ. ಮಂಜು ಬರೋವರೆಗೂ ಅವನು ಕಾದಿದ್ನಾ?" ಎಂದೆ.

ಇವರು ಕಾಲು ಮುಂದೆ ಚಾಚಿದರು. ಇನ್ನೊಂದು ಶೂ ನಾನೇ ಬಿಚ್ಚಿದೆ.

ಏಪ್ರಿಲ್ 7, ಭಾನುವಾರ

ಸರಿಯಾದದ್ದು ಅತ್ತೆಯ ಕೋಣೆಗೆ ಹೋಯಿತು. "ನನ್ನ ಕೆರೆ ನಂಗೇ ಕೊಡಿ, ನಿಮ್ಮ ವಾದ ನಿಮ್ಗೇ ಇರ್ಲಿ" ಎಂದು ಅವರೇ ಎತ್ತಿಕೊಂಡು ಹೋದರು. ಹಾಲಿಗೆ ಹಲ್ಲಿನ ಆಸ್ಪತ್ರೆಯದು. ಇವರು ಸ್ಟೂಲು ಹತ್ತಿ ತಾವೇ ಮೊಳೆ ಹೊಡೆದರು.

ಸದ್ದು ಕೇಳಿ ಮೇಲ್ಮನೆಯ ಮೇಷ್ಟ್ರು ಇಳಿದು ಬಂದರು. "ಓಹೋ, ಇದಾ! ನಮ್ಮನೇಲೂ ಇದೆ, ಬಚ್ಚಲ ಬಾಗಿಲ ಪಕ್ಕ. ನೀವೆಲ್ಲಿ ತಗೊಂಡ್ರಿ?"

ನಾನು ಆಸ್ಪತ್ರೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಸ್ಟೂಲಿನ ಮೇಲಿಂದಲೇ ಹೇಳಿದರು:

"ತಗೊಂಡಿದ್ದಲ್ಲ ಮೇಷ್ಟ್ರೇ, ತೆಗೆದಿದ್ದು. ನಾನು."

ಮೇಷ್ಟ್ರು ಇವರನ್ನು ನೋಡಿದರು, ಚಿತ್ರ ನೋಡಿದರು. ಪಾಸ್‌ಪೋರ್ಟ್ ಫೋಟೋಕ್ಕೆ ಇವರ ಸ್ಟುಡಿಯೋಗೇ ಹೋಗಿಬಂದವರು ಅವರು. ಆ ಫೋಟೋದಲ್ಲಿ ತಮ್ಮ ಕಿವಿ ದೊಡ್ಡದಾಗಿ ಬಂದಿದೆ ಎಂಬ ಸಿಟ್ಟು ಇನ್ನೂ ಇದೆ.

"ಹೌದೇನಮ್ಮಾ?" ಎಂದು ನನ್ನನ್ನು ಕೇಳಿದರು.

"ಹೌದು ಮೇಷ್ಟ್ರೇ."

"ಉಲ್ಟಾ ಇದೆ ಅಂತ ಹೇಳೋ ಅವ್ರಿಗೆ!" ಎಂದು ಕೋಣೆಯಿಂದ ಅತ್ತೆ ಕೂಗಿದರು.

"ಉಲ್ಟಾ ಇದೆ ಮೇಷ್ಟ್ರೇ" ಎಂದರು ಇವರು, ಸುತ್ತಿಗೆಯನ್ನು ನನ್ನ ಕೈಗೆ ಕೊಡುತ್ತಾ. "ಆದ್ರೂ ನಂದೇ."